ಮಂಡ್ಯದ ಎಂಆರ್‌ಐ, ಮೈಸೂರಿನ ಸಿಟಿ ಸ್ಕ್ಯಾನ್: ಎರಡೂ ಹೊಂದುವುದು ಹೇಗೆ?

ಪ್ರಶ್ನೆ: ನಮ್ಮ ತಾಯಿಗೆ ಮೆದುಳಿನಲ್ಲಿ ಗಡ್ಡೆಯಾಗಿದೆ. ಮಂಡ್ಯದಲ್ಲಿ ಎಂಆರ್‌ಐ ಮಾಡಿಸಿದ್ದೆವು. ರೇಡಿಯೇಷನ್‌ಗೆಂದು ಮೈಸೂರಿಗೆ ಹೋದರೆ ಮತ್ತೆ ಸಿಟಿ ತೆಗೆದರು. ಎರಡನ್ನೂ ಕಂಪ್ಯೂಟರ್ ಕೂಡಿಸುತ್ತದೆ ಎಂದರು. ಬೇರೆ ಬೇರೆ ಯಂತ್ರದ ಚಿತ್ರಗಳು ಹೊಂದುತ್ತವೆಯೇ? ಕೃತಕ ಬುದ್ಧಿಮತ್ತೆಯನ್ನು ನಂಬಬಹುದೇ?
– ಓದುಗರು, ಮಂಡ್ಯ

ಉತ್ತರ: ಎರಡನೆಯ ಸ್ಕ್ಯಾನ್ ದಂಡದ ಖರ್ಚಲ್ಲ. ಗಡ್ಡೆಯ ಅಂಚು ಎಂಆರ್‌ಐಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆದರೆ ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕಲು ಸಾಮಾನ್ಯವಾಗಿ ಸಿಟಿ ಬೇಕು. ಸಿಟಿಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000 ಎಂಬ ನಿಶ್ಚಿತ ಮಾನವಿದೆ. ಎಂಆರ್‌ಐಗೆ ಅಂಥದ್ದಿಲ್ಲ, ಯಂತ್ರ ಬದಲಾದರೆ ಅದೇ ಮೆದುಳಿನ ಅಂಕಿಗಳೂ ಬದಲಾಗುತ್ತವೆ. ಸಿಟಿಯಲ್ಲಿ ಬೆಳ್ಳಗೆ ಹೊಳೆಯುವ ಬುರುಡೆಯ ಗಟ್ಟಿ ಮೂಳೆ ಎಂಆರ್‌ಐಯಲ್ಲಿ ಕಪ್ಪು. ಬಿಳುಪಿಗೆ ಬಿಳುಪು ಹೊಂದಿಸಲು ಹೋದರೆ ಕೆಲಸ ಕೆಟ್ಟಂತೆಯೇ.

ಇದಕ್ಕೆ 1990ರ ದಶಕದಲ್ಲೇ ದಾರಿ ಸಿಕ್ಕಿತು: ಒಂದು ಚಿತ್ರವನ್ನು ಇನ್ನೊಂದರ ಮೇಲೆ ಸರಿಸುತ್ತ ಹೋದಾಗ, ಒಂದರ ಛಾಯೆ ನೋಡಿ ಇನ್ನೊಂದರದನ್ನು ಹೆಚ್ಚು ಖಚಿತವಾಗಿ ಊಹಿಸಲು ಯಾವ ಸ್ಥಾನದಲ್ಲಿ ಸಾಧ್ಯವೋ ಅದೇ ಸರಿಯಾದ ಸ್ಥಾನ. ಬುರುಡೆ ಬಾಗುವುದಿಲ್ಲವಾದ್ದರಿಂದ ತಲೆಗೆ ಆರು ಸಂಖ್ಯೆ ಸಾಕು: ಮೂರು ಚಿತ್ರವನ್ನು ಸರಿಸಲು, ಮೂರು ತಿರುಗಿಸಲು. ನಿಮ್ಮ ತಾಯಿಗೆ ಬಹುಶಃ ಈ ಹಳೆಯ ವಿಧಾನವೇ ಸಾಕು.

ನೀವು ಕೇಳಿದ ಕೃತಕ ಬುದ್ಧಿಮತ್ತೆಗೆ, ಅಂದರೆ ಉದಾಹರಣೆಗಳಿಂದ ಕಲಿಯುವ ಯಂತ್ರಕಲಿಕೆಗೆ, ನಿಜವಾದ ಕೆಲಸವಿರುವುದು ಕುತ್ತಿಗೆ, ಹೊಟ್ಟೆಯಂಥ ಬಾಗುವ, ಉಬ್ಬುವ ಭಾಗಗಳಲ್ಲಿ. ಅಲ್ಲಿ ಒಂದೊಂದು ಬಿಂದುವೂ ಎತ್ತ ಸರಿಯಬೇಕೆಂದು ಪ್ರತಿ ರೋಗಿಗೂ ಹೊಸದಾಗಿ ಹುಡುಕುವುದು ನಿಧಾನದ ಕೆಲಸ. ಮೊದಲೇ ಚಿತ್ರಗಳಿಂದ ಕಲಿತು ಪಳಗಿದ ನರಜಾಲ (ಇಂಥ ಕಲಿಕೆಯ ಕಂಪ್ಯೂಟರ್ ಪ್ರೋಗ್ರಾಂ) ಸೆಕೆಂಡುಗಳಲ್ಲಿ ಮುಗಿಸುತ್ತದೆ. ಆದರೆ ಒಂದು ಬಗೆಯ ಸ್ಕ್ಯಾನರ್‌ನಲ್ಲಿ ಪಳಗಿದ್ದು ಇನ್ನೊಂದರ ಮುಂದೆ ಮುಗ್ಗರಿಸಬಹುದು. ಸಂಶೋಧಕರ ಒಂದು ಉಪಾಯ ನನಗೆ ಬಲು ಮೆಚ್ಚು: ಯಾರ ದೇಹದ್ದೂ ಅಲ್ಲದ ಆಕೃತಿಗಳಿಗೆ ಮನಬಂದಂತೆ ಕಪ್ಪು ಬಿಳುಪು ಬಳಿದು, ಅವುಗಳಿಂದಲೇ ತರಬೇತಿ ಕೊಡುವುದು. ಆಗ ಜಾಲ ಛಾಯೆಯನ್ನು ಬಿಟ್ಟು ಆಕಾರವನ್ನು ಹಿಡಿಯುತ್ತದೆ.

ಇನ್ನು ನಂಬಿಕೆ. ಒಂದು ಚಿತ್ರದಲ್ಲಿರುವುದು ಇನ್ನೊಂದರಲ್ಲಿಲ್ಲ ಎಂದು ಒಪ್ಪಿಕೊಳ್ಳುವುದು ಇಂಥ ಜಾಲಕ್ಕೆ ಕಷ್ಟ. ಎಂಆರ್‌ಐ ಶಸ್ತ್ರಚಿಕಿತ್ಸೆಗೆ ಮೊದಲಿನದು, ಸಿಟಿ ಅನಂತರದ್ದು ಎಂದಾದರೆ, ತೆಗೆದುಹಾಕಿದ ಗಡ್ಡೆಗೂ ಜೋಡಿ ಹುಡುಕಿ ಪಕ್ಕದ ಮೆದುಳನ್ನು ಎಳೆದು ಕೂರಿಸೀತು. ನೋಡಲು ಚೆಂದವಾಗಿಯೇ ಇರುತ್ತದೆ! ಅದಕ್ಕೇ ವೈದ್ಯರು ಮತ್ತು ವೈದ್ಯಕೀಯ ಭೌತವಿಜ್ಞಾನಿಗಳು ಒಂದರ ಮೇಲೊಂದು ಚಿತ್ರವಿಟ್ಟು ಕಣ್ಣುಗುಡ್ಡೆ, ಮೂಳೆಯಂಚು, ಮೆದುಳಿನೊಳಗಿನ ದ್ರವ ತುಂಬಿದ ಕುಹರಗಳು ಹೊಂದಿವೆಯೇ ಎಂದು ಸ್ವತಃ ನೋಡಬೇಕು. ಯಾವ ತಂತ್ರಾಂಶವಿದ್ದರೂ ಇದಕ್ಕೆ ರಿಯಾಯಿತಿಯಿಲ್ಲ. ನೋಡಿದಿರಾ ಎಂದು ನೀವು ಸಂಕೋಚವಿಲ್ಲದೆ ಕೇಳಿ.

ಅಂದ ಹಾಗೆ, ದೊಡ್ಡ ಕವರಿನಲ್ಲಿರುವ ಫಿಲ್ಮ್ ಈ ಜೋಡಣೆಗೆ ಬರುವುದಿಲ್ಲ. ಮಂಡ್ಯದ ಸ್ಕ್ಯಾನಿಂಗ್ ಸೆಂಟರ್‌ನಿಂದ ಸಿ.ಡಿ. ಪಡೆದು ಒಯ್ಯಿರಿ. ಪದರಗಳು 5 ಮಿಲಿಮೀಟರ್‌ನಷ್ಟು ದಪ್ಪವಾಗಿದ್ದರೆ ತೆಳುಪದರದ ಎಂಆರ್‌ಐ ಮತ್ತೊಮ್ಮೆ ಬೇಕೆನ್ನಬಹುದು. ಅದನ್ನು ಒಪ್ಪಿಕೊಳ್ಳುವುದೇ ಲೇಸು.