ಎರಡನೆಯ ‘ಪೊಲಿ’ಯನ್ನು ಕತ್ತರಿಸಲಾರೆ

ಪತ್ರ: ಕಳೆದ ಸಂಚಿಕೆ ಓದಿದೆ. ‘ನಡುಮಧ್ಯ’, ‘ನಟ್ಟನಡುವೆ’, ‘ಮತ್ತೆ ಪುನಃ’, ‘ಅಬ್ಬಿ ಜಲಪಾತ’. ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಲೇಖನದಲ್ಲಂತೂ ಪುಟದ ತುಂಬ ‘ಪೊಲಿ ಪೊಲಿ’. ಒಮ್ಮೆ ಹೇಳಿದರೆ ನಮಗೆ ಅರ್ಥವಾಗುವುದಿಲ್ಲವೇ? ಪುನರುಕ್ತಿಯನ್ನೆಲ್ಲ ತೆಗೆಯುವುದು ಸಂಪಾದಕರ ಕೆಲಸ ಅಲ್ವಾ?
— ಓದುಗರೊಬ್ಬರು, ಸೋಮವಾರಪೇಟೆ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ನಾವೆಲ್ಲ ಕೂತು ಓದಿದೆವು. ‘ಮತ್ತೆ ಪುನಃ’ ನಮ್ಮ ತಪ್ಪು. ‘ನಡುಮಧ್ಯ’ವೂ ತಪ್ಪು. ಎರಡನ್ನೂ ಕರಡಿನಲ್ಲೇ ಹಿಡಿಯಬೇಕಿತ್ತು.

ಆದರೆ ‘ನಟ್ಟನಡುವೆ’ಯನ್ನು ಬಿಟ್ಟುಕೊಡಲಾರೆ. ‘ಗದ್ದೆಯ ನಡುವೆ’ ಅಂದರೆ ಒಳಗೆ ಎಲ್ಲೋ ಒಂದು ಕಡೆ. ‘ನಟ್ಟನಡುವೆ’ ಅಂದರೆ ಒಂದಿಂಚೂ ಆಚೀಚೆ ಇಲ್ಲ. ಮೊತ್ತಮೊದಲು, ಕಟ್ಟಕಡೆ, ಬಟ್ಟಬಯಲು, ಎಲ್ಲ ಹೀಗೇ. ಮನೆಗೆ ಬಂದವರನ್ನು ‘ಕಾಫಿ ಕುಡೀತೀರಾ’ ಅಂತ ಕೇಳಿದರೆ ಅದು ಬರೀ ಕಾಫಿ. ‘ಕಾಫಿಗೀಫಿ ಏನಾದ್ರೂ’ ಅಂದರೆ ಟೀ ಆಗಬಹುದು, ಮಜ್ಜಿಗೆ ಆಗಬಹುದು, ಸ್ವಲ್ಪ ಹೊತ್ತು ಕೂತು ಹೋಗಿ ಅಂತ. ‘ಗೀಫಿ’ಗೆ ಸ್ವಂತ ಅರ್ಥ ಇಲ್ಲ. ಆದರೂ ಅದನ್ನು ತೆಗೆದರೆ ಆ ಉಪಚಾರವೇ ಹೋಗುತ್ತದೆ.

ಇನ್ನು ಅಬ್ಬಿ. ನೀವು ಹೇಳಿದ್ದು ಸರಿ, ಅಬ್ಬಿ ಅಂದರೇ ಜಲಪಾತ. ಬ್ರಹ್ಮಗಿರಿ ಬೆಟ್ಟದ್ದೂ ಇದೇ ಕತೆ. ಮಡಿಕೇರಿಯಲ್ಲಿ ಬಸ್ಸಿಳಿದು ದಾರಿ ಕೇಳುವ ಹೊರಗಿನವರಿಗೆ ಆ ಎರಡನೆಯ ಪದ ಬೇಕು. ನಮ್ಮ ಓದುಗರಿಗೆ ಬೇಡ. ಮುಂದೆ ಬರೀ ‘ಅಬ್ಬಿ’ ಎಂದೇ ಬರೆಯುತ್ತೇವೆ.

ಪೊಲಿಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಜಗಳಕ್ಕೂ ಸಿದ್ಧ. ಪುತ್ತರಿಯ ರಾತ್ರಿ ಗದ್ದೆಗಿಳಿದು, ಕೋವಿ ಹಾರಿಸಿ, ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾರೆ. ಪೊಲಿ ಅಂದರೆ ಹೆಚ್ಚಲಿ, ತುಂಬಿ ಬರಲಿ. ಹೆಚ್ಚಲಿ ಎಂಬ ಮಾತನ್ನು ಒಂದೇ ಸಲ ಹೇಳಿ ನಿಲ್ಲಿಸುವುದು ಹೇಗೆ? ಒಬ್ಬರು ಕೂಗುತ್ತಾರೆ, ಉಳಿದವರು ದನಿಗೂಡಿಸುತ್ತಾರೆ, ಬೇಡಿಕೆ ದೊಡ್ಡದಾಗುತ್ತಾ ಹೋಗುತ್ತದೆ. ದುಡಿ ಎಂಬ ಪುಟ್ಟ ವಾದ್ಯ ಬಡಿಯುತ್ತ ಕೊಡವರು ಹಾಡುವ ಬಾಳೋಪಾಟ್‌ನಲ್ಲೂ ‘ಬಾಳೋ ಬಾಳೋ’ ಎಂದೇ ಶುರು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ಜಾನಪದ ಸಂಗ್ರಹ ‘ಪಟ್ಟೋಲೆ ಪಳಮೆ’ ಅಚ್ಚಾಗುವ ತನಕ ಈ ಹಾಡುಗಳಲ್ಲಿ ಹೆಚ್ಚಿನವು ಬಾಯಲ್ಲೇ ಬದುಕಿದ್ದವು. ಬಾಯಲ್ಲಿ ಉಳಿಯುವ ಹಾಡಿಗೆ ಮರಳಿ ಬರುವ ಮಾತು ಬೇಕು. ಆ ಹೊತ್ತಿನಲ್ಲಿ ಹಾಡುವವರು ಮುಂದಿನ ಸಾಲು ನೆನೆಯುತ್ತಾರೆ, ಕೇಳುವವರಿಗೆ ಹಿಂದಿನ ಸಾಲು ಒಳಗಿಳಿಯುತ್ತದೆ.

ಅಲಂಕಾರಶಾಸ್ತ್ರದಲ್ಲಿ ಪುನರುಕ್ತಿ ದೋಷವೇ, ನಿಜ. ಆದರೆ ಹಳೆಯ ಸಂಸ್ಕೃತ ಕಾವ್ಯಮೀಮಾಂಸಕ ಭಾಮಹ ಒಂದು ವಿನಾಯಿತಿ ಕೊಟ್ಟಿದ್ದಾನೆ. ಭಯ, ದುಃಖ, ಅಸೂಯೆ, ಸಂತೋಷ, ಬೆರಗು ಇದ್ದಾಗ ಎರಡು ಸಲ ಹೇಳಿದರೆ ತಪ್ಪಲ್ಲ ಅನ್ನುತ್ತಾನೆ. ಅವನ ಉದಾಹರಣೆ ‘ಹೋಗು ಹೋಗು’. ಇದನ್ನು ಓದಿದಾಗಲೆಲ್ಲ ನನಗೆ 2018ರ ಆಗಸ್ಟ್ ನೆನಪಾಗುತ್ತದೆ. ಮಡಿಕೇರಿ ಸುತ್ತ ಗುಡ್ಡಗಳು ಜಾರುತ್ತಿದ್ದ ದಿನಗಳು. ನೆಂಟರೊಬ್ಬರು ಫೋನ್ ಮಾಡಿ ‘ಹೊರಡಿ, ಹೊರಡಿ’ ಅಂದರು. ಮಳೆಯ ಸದ್ದಿನಲ್ಲಿ ಮೊದಲನೆಯದು ಕೇಳಿಸಲೇ ಇಲ್ಲ. ಎರಡನೆಯದು ಕೇಳಿಸಿತು.

ಭಾಷೆ ಈ ಮುಂಜಾಗ್ರತೆಯನ್ನು ತನ್ನೊಳಗೇ ಇಟ್ಟುಕೊಂಡಿದೆ. ‘ಅವಳು ಬಂದಳು’ ಅನ್ನಿ. ಬಂದದ್ದು ಹೆಣ್ಣು, ಒಬ್ಬಳೇ, ಎಂಬುದನ್ನು ಎರಡು ಸಲ ಹೇಳಿದ ಹಾಗಾಯಿತು. ಮೊದಲ ಪದ ಗಾಳಿಗೆ ಹೋದರೂ ‘ಬಂದಳು’ ಸಾಕು. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಇಂಗ್ಲಿಷ್ ಬರಹದ ಸುಮಾರು ಅರ್ಧ ಭಾಗ ಹೀಗೆ ಮೊದಲೇ ಊಹಿಸಬಹುದಾದದ್ದು ಎಂದು ಲೆಕ್ಕ ಹಾಕಿದ. ಅಚ್ಚಿನ ತಪ್ಪಿದ್ದರೂ ನಾವು ಓದಿಕೊಂಡು ಹೋಗುವುದು ಅದರಿಂದಲೇ.

ನೀವು ಗುರುತು ಮಾಡದ ಒಂದು ಜಾಗ ನನ್ನನ್ನು ಜಾಸ್ತಿ ಕಾಡುತ್ತಿದೆ. ಅದೇ ಸಂಚಿಕೆಯ ಕಾಫಿ ಲೇಖನ. ‘ಬೆಳೆಗಾರರು ಕಷ್ಟದಲ್ಲಿದ್ದಾರೆ. ಸಂಕಟ ಅನುಭವಿಸುತ್ತಿದ್ದಾರೆ. ಅವರ ಬವಣೆ ಹೇಳತೀರದು.’ ಇಲ್ಲಿ ಒಂದು ಪದವೂ ಮರಳಿ ಬಂದಿಲ್ಲ. ಅದಕ್ಕೇ ನಿಮ್ಮ ಕಣ್ಣಿಗೆ ಬೀಳಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ಮೂರು ವಾಕ್ಯ ಓದಿದ ಮೇಲೂ ಓದುಗರ ಕೈಗೆ ಸಿಕ್ಕಿದ್ದು ಮೊದಲನೆಯದರಲ್ಲಿ ಇದ್ದಷ್ಟೇ. ನನ್ನ ಮಟ್ಟಿಗೆ ಪುನರುಕ್ತಿ ಅಂದರೆ ಇದು. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ‘ಒಂದೇ ಪದ ಎರಡು ಸಲ ಹಾಕಬೇಡ’ ಅಂತ ನಮಗೆ ಹೇಳಿದರು. ಒಂದೇ ವಿಚಾರವನ್ನು ಎರಡು ಸಲ ಹಾಕಬೇಡ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ನಾವು ಪದ ಬದಲಿಸುವುದನ್ನು ಚೆನ್ನಾಗಿ ಕಲಿತೆವು. ನಮ್ಮ ಸಭೆಗಳ ಭಾಷಣ ಉದ್ದವಾಗುವುದೂ ಇದರಿಂದಲೇ.

ಆ ಮೂರು ವಾಕ್ಯದ ಜಾಗದಲ್ಲಿ ಬರೆಯಲು ಎಷ್ಟೊಂದಿತ್ತು! ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ರೋಬಸ್ಟಾ ಕಾಫಿ ಹೂ ಬಿಡುತ್ತದೆ. ಕೆಲವು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಬಾರದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ತೋಟ ಬೆಳ್ಳಗೆ ಅರಳಿದ್ದನ್ನು ನೋಡಿ ಖುಷಿಪಟ್ಟವರು ಆಮೇಲೆ ದಿನಾ ಆಕಾಶ ನೋಡುತ್ತಾರೆ. ಇಷ್ಟು ಬರೆದಿದ್ದರೆ ‘ಕಷ್ಟ’ ಎಂಬ ಪದವೇ ಬೇಕಾಗುತ್ತಿರಲಿಲ್ಲ.

ಮುಂದಿನ ಸಂಚಿಕೆಯಿಂದ ಕರಡಿನಲ್ಲಿ ಪ್ರತಿ ಪ್ಯಾರಾದ ಪಕ್ಕ ಅದು ಹೊಸದಾಗಿ ಏನು ಹೇಳಿತು ಎಂದು ಒಂದು ಸಾಲು ಬರೆಯುತ್ತೇವೆ. ಬರೆಯಲು ಏನೂ ಸಿಗದ ಪ್ಯಾರಾ ಅಚ್ಚಿಗೆ ಹೋಗುವುದಿಲ್ಲ. ನೀವು ಗೆರೆ ಎಳೆದ ಪ್ರತಿಯನ್ನು ದಯವಿಟ್ಟು ಅಂಚೆಗೆ ಹಾಕಿ. ಕಾಫಿ ಲೇಖನವನ್ನು ಇನ್ನೊಮ್ಮೆ ಓದಿ, ಅಲ್ಲೂ ಗೆರೆ ಎಳೆದು ಕಳಿಸಿ.