ಗಾಡಿ ಕಣ್ಮುಂದೆ ಇದೆ, ಸಿಸ್ಟಮ್ಮಲ್ಲಿ ಇಲ್ವಂತೆ!

ಪ್ರಶ್ನೆ: ಸಾರ್, ನಮ್ಮ ಬಾವ ಟ್ರೇಲರ್ ಓಡಿಸ್ತಾರೆ. ಹೋದ ತಿಂಗಳು ನರಸಾಪುರದಲ್ಲಿ ಲೋಡ್ ಆದ ಕಂಟೇನರ್ ತಗೊಂಡು ಪೂರ್ವ ಕರಾವಳಿಯ ಒಂದು ಬಂದರಿನ ಟರ್ಮಿನಲ್‌ಗೆ ಹೋಗಿ, ಹೆಸರು ಬೇಡ ಬಿಡಿ, ಗೇಟಲ್ಲೇ ಹನ್ನೊಂದು ಗಂಟೆ ನಿಂತ್ರು. ಒಳಗಡೆ ಕ್ರೇನ್ ಖಾಲಿ ನಿಂತಿರೋದು ಕಾಣ್ತಿತ್ತಂತೆ, ಕೇಳಿದ್ರೆ ‘ಸಿಸ್ಟಮ್ಮಲ್ಲಿ ತೋರಿಸ್ತಿಲ್ಲ’ ಅಂತ ಒಂದೇ ಮಾತು. ಗಾಡಿ ಎದುರಿಗೇ ಇದ್ರೂ ಇನ್ನೇನ್ ತೋರಿಸ್ಬೇಕಿತ್ತು?
– ಒಬ್ಬ ಓದುಗ, ಮುಳಬಾಗಿಲು

ಉತ್ತರ: ನಿಮ್ಮ ಬಾವನ ಸಿಟ್ಟಲ್ಲಿ ತಪ್ಪೇನಿಲ್ಲ. ಆದ್ರೆ ಕ್ರೇನ್ ಓಡಿಸೋರಿಗೆ ಗಾಡಿ ಕಂಡ್ರೂ ಒಂದೇ ಕಾಣದಿದ್ರೂ ಒಂದೇ, ಅವರ ಕ್ಯಾಬಿನ್ ಸ್ಕ್ರೀನಿಗೆ ಕೆಲಸ ಬಂದ್ರೆ ಮಾತ್ರ ಕೈ ಆಡೋದು. ಕೋಲಾರದ ಟೊಮೆಟೊ ಮಂಡಿಲಿ ಮಾಲು ಬಂದ್ಮೇಲೆ ಲೆಕ್ಕ, ಪೋರ್ಟಲ್ಲಿ ಲೆಕ್ಕ ಬಂದ್ಮೇಲೆ ಮಾಲು.

ಯಾಕೆ ಅಂದ್ರೆ ಯಾರ್ಡಲ್ಲಿ, ಅಂದ್ರೆ ಬಂದರೊಳಗೆ ಕಂಟೇನರ್ ಇಡೋ ಬಯಲಲ್ಲಿ, ಈ ಬಾಕ್ಸುಗಳನ್ನ ನಾಲ್ಕೈದು ಎತ್ತರ ಪೇರಿಸಿರ್ತಾರೆ. ಯಾವ ಹಡಗು, ಯಾವ ಊರಲ್ಲಿ ಇಳಿಸ್ಬೇಕು, ತೂಕ ಎಷ್ಟು, ಇಷ್ಟು ಗೊತ್ತಿದ್ರೆ ತಾನೇ ಯಾವ ಬ್ಲಾಕು, ಯಾವ ಸಾಲು, ಎಷ್ಟನೇ ಎತ್ತರ ಅಂತ ಕಂಪ್ಯೂಟರ್ ಜಾಗ ಕೊಡೋದು. ಭಾರದ್ದು ಹಡಗಿನ ತಳಕ್ಕೆ, ಅಂದ್ರೆ ಮೊದ್ಲು ಹೋಗ್ಬೇಕು, ಅದೇ ಯಾರ್ಡಲ್ಲೂ ಅಡಿಯಲ್ಲಿ ಸಿಕ್ಕಾಕೊಂಡಿದ್ರೆ ಮೇಲಿನ ಮೂರನ್ನ ತೆಗ್ದು ಪಕ್ಕಕ್ಕಿಟ್ಟು ಇದನ್ನ ಎಳೀಬೇಕು, ಹಾಗೆ ಎತ್ತಿಡೋ ಕೆಲಸಕ್ಕೆ ಯಾರೂ ದುಡ್ಡು ಕೊಡಲ್ಲ. ಇಂಪೋರ್ಟ್ ಕಡೆ ಇನ್ನೂ ಕಷ್ಟ, ಯಾವ ಲಾರಿ ಯಾವಾಗ ಬರತ್ತೋ ಮೊದ್ಲೇ ತಿಳಿದಿದ್ರೆ ಬಿಡುವಿದ್ದಾಗ ಅಗೆದು ಮೇಲಿಟ್ಟಿರ್ಬೋದು, ತಿಳಿಯದಿದ್ರೆ ಲಾರಿ ಬಂದ್ಮೇಲೇ ಅಗೆಯೋದು.

ಈಗ ನಿಮ್ಮ ಬಾವನ ವಿಷಯ. ಬುಕಿಂಗ್ ವಿವರ ಶಿಪ್ಪಿಂಗ್ ಲೈನಿಂದ (ಹಡಗು ಕಂಪನಿ), ಕ್ಲಿಯರೆನ್ಸ್ ಕಸ್ಟಮ್ಸಿಂದ, ಬಾಕ್ಸಿನ ಬಾಗಿಲಿಗೆ ಹಾಕೋ ಸೀಲ್ ನಂಬರು ಫ್ಯಾಕ್ಟರಿಯಿಂದ ಏಜೆಂಟ್ ಮೂಲಕ ಬರತ್ತೆ. ತೂಕ ಬೇರೆ ಇದೆ, ತೂಗಿ ದೃಢಪಡಿಸಿದ ತೂಕ ಕೊಡದೆ ಬಾಕ್ಸನ್ನ ಹಡಗಿಗೆ ಹತ್ತಿಸೋ ಹಾಗಿಲ್ಲ ಅಂತ 2016ರ ಜುಲೈ 1ರಿಂದ ಅಂತರರಾಷ್ಟ್ರೀಯ ನಿಯಮ. ಇಷ್ಟರಲ್ಲಿ ಒಂದು ತಡ ಆದ್ರೂ ಗಾಡಿ ನಿಲ್ಲತ್ತೆ. ಹಡಗೇ ತಡ ಆಗಿ ಅದರ ಮಾಲಿಗೆ ಗೇಟ್ ತೆಗೆಯೋ ಟೈಮ್ ಮುಂದಕ್ಕೆ ಹೋಗಿದ್ರೂ ಅಷ್ಟೇ. ನನಗೆ ಬೇಜಾರಾಗೋದು ಏನಂದ್ರೆ, ಈ ಸುದ್ದಿ ಲೈನಿಗೆ, ಏಜೆಂಟಿಗೆ, ಫ್ಯಾಕ್ಟರಿಗೆ ಎಲ್ರಿಗೂ ಮೇಲ್ ಹೋಗಿರತ್ತೆ, ರಸ್ತೇಲಿರೋ ಡ್ರೈವರಿಗೆ ಮಾತ್ರ ಒಂದು ಫೋನ್ ಬಂದಿರಲ್ಲ.

ಪ್ರಶ್ನೆ: ಕಂಟೇನರ್ ನಂಬರಲ್ಲಿ ಕೊನೇ ಅಂಕಿಗೆ ಮಾತ್ರ ಚೌಕ ಯಾಕೆ ಹಾಕಿರ್ತಾರೆ?
– ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ಅದು ತಪ್ಪು ಹಿಡಿಯೋ ಅಂಕಿ ಕಣಮ್ಮ. ನಾಲ್ಕು ಅಕ್ಷರ, ಆರು ಅಂಕಿ, ಆಮೇಲೆ ಇದು. ಅಕ್ಷರಕ್ಕೂ ಒಂದೊಂದು ಬೆಲೆ ಇದೆ, ಎಲ್ಲವನ್ನೂ ಕ್ರಮವಾಗಿ 1, 2, 4, 8 ಹೀಗೆ 512ರವರೆಗೆ ಗುಣಿಸಿ ಕೂಡಿ 11ರಿಂದ ಭಾಗಿಸಿದ್ರೆ ಉಳಿಯೋ ಶೇಷವೇ ಆ ಚೌಕದಲ್ಲಿರೋದು, ಶೇಷ 10 ಬಂದ್ರೆ 0. ಯಾರೋ ನಿದ್ದೆಗಣ್ಣಲ್ಲಿ 3 ಬದ್ಲು 8 ಒತ್ತಿದ್ರೆ ಲೆಕ್ಕ ತಾಳೆ ಆಗಲ್ಲ, ಸಿಸ್ಟಮ್ ಅಲ್ಲೇ ಬೇಡ ಅನ್ನತ್ತೆ. ಸೀಲ್ ನಂಬರಿಗೆ ಈ ಭಾಗ್ಯ ಇಲ್ಲ, ಅದ್ಕೇ ಗೇಟಲ್ಲಿ ಜಗಳ ಆಗೋದು ಜಾಸ್ತಿ ಅದರ ಮೇಲೇ.

ಪ್ರಶ್ನೆ: ನಮ್ಮ ಬಾಕ್ಸ್ ಎಲ್ಲಿದೆ ಅಂತ ಏಜೆಂಟ್ ಹೇಳಲ್ಲ, ಫೋನೇ ಎತ್ತಲ್ಲ. ಬೇರೆ ದಾರಿ ಇದ್ಯಾ?
– ಸಣ್ಣ ರಫ್ತುದಾರ, ಮಾಲೂರು

ಉತ್ತರ: ಇದೆ. ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಅಂತ, ಕಂಟೇನರ್ ಎಲ್ಲಿದೆ ಅಂತ ತೋರಿಸೋ ವೆಬ್‌ಸೈಟು, 2016ರಲ್ಲಿ ಮುಂಬೈ ಹತ್ರದ ಜವಾಹರಲಾಲ್ ನೆಹರು ಬಂದರಲ್ಲಿ ಶುರುವಾಗಿದ್ದು. ಬಾಕ್ಸಿಗೆ ಹಾಕಿರೋ ರೇಡಿಯೋ ಟ್ಯಾಗನ್ನ ದಾರೀಲಿರೋ ರೀಡರ್‌ಗಳು ಓದ್ತವೆ, ಕಂಟೇನರ್ ನಂಬರ್ ಹಾಕಿದ್ರೆ ಕೊನೇ ಸಲ ಎಲ್ಲಿ ಓದಿದ್ದು ಅಂತ ಬರತ್ತೆ. ಗೇಟ್ ಹೊರಗಿನ ಕ್ಯೂನಲ್ಲಿ ಎಷ್ಟನೇಯವರು ಅಂತ ಮಾತ್ರ ಅದು ಹೇಳಲ್ಲ, ಅದಕ್ಕೆ ಡ್ರೈವರಿಗೇ ಫೋನ್ ಮಾಡಿ, ಹಾಗೇ ಊಟ ಆಯ್ತಾ ಅಂತಾನೂ ಕೇಳಿ.