ಪ್ರತಿಕ್ರಿಯೆ: ಎಂ113 ಕಿಟ್‌ನಲ್ಲಿ ಮಾರ್ಟರ್ ಬ್ಯಾರಲ್ ಚಾವಣಿಗೆ ತಾಗುತ್ತಿದೆ

ನಿಮ್ಮ ಎಂ113 (ಅಮೆರಿಕದ ಕವಚದ ಸೇನಾ ಗಾಡಿ) 1:35 ಅಳತೆಯ ಪ್ಲಾಸ್ಟಿಕ್ ಮಾದರಿ ಕಿಟ್‌ನಲ್ಲಿ ಬ್ಯಾರಲ್ ಮೇಲೆ ತಾಗುವುದಕ್ಕೆ ಕಾರಣ ಬಹುಶಃ ಚಾವಣಿಯೇ, ಮಾರ್ಟರ್ (ಶೆಲ್ಲನ್ನು ಮೇಲಕ್ಕೆ ಹಾರಿಸುವ ಗಿಡ್ಡ ತೋಪು) ಅಲ್ಲ. ಫೋಟೋದಲ್ಲಿ ಕಾಣುತ್ತಿರುವುದು ಸೈನಿಕರನ್ನು ಒಯ್ಯುವ ಸಾದಾ ಎಂ113ರ ಚೌಕ ಬಾಗಿಲು. ಮಾರ್ಟರ್ ಗಾಡಿಯಲ್ಲಿ ಅಲ್ಲಿ ಮೂರು ತುಂಡಿನ ದೊಡ್ಡ ಗುಂಡನೆ ಬಾಗಿಲು ಇರುತ್ತದೆ, ಅದನ್ನು ತೆರೆದೇ ಒಳಗಿಂದ ಶೆಲ್ ಹಾರಿಸುತ್ತಾರೆ.

ಮೊದಲು ಬ್ಯಾರಲ್ ಬಾಯಿಗೆ 3 ಮಿ.ಮೀ. ಡ್ರಿಲ್ ಬಿಟ್ ಹಿಡಿದು ನೋಡಿ. ಸರಿಯಾಗಿ ಕೂತರೆ, 35 ಪಟ್ಟಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 107 ಮಿ.ಮೀ. ಮಾರ್ಟರ್, ಅಂದರೆ ಗಾಡಿ ಎಂ113ರ ಮಾರ್ಟರ್ ರೂಪವಾದ ಎಂ106. ಸಡಿಲ ಇದ್ದರೆ 120ರ ಎಂ1064, ಹೋಗದೇ ಇದ್ದರೆ 81ರ ಎಂ125. ಕಿಟ್‌ನ ತೂತು ಅಳತೆಗೆ ಸರಿಯಾಗೇ ಇರಬೇಕು ಅಂತಿಲ್ಲ, ಹಾಗಾಗಿ ಇದು ಅಂದಾಜು ಅಷ್ಟೇ.

ಆಮೇಲೆ ಕಿಟ್‌ನ ಬಿಡಿಭಾಗಗಳಿರುವ ಉಳಿದ ಫ್ರೇಮ್‌ಗಳಲ್ಲಿ ಗುಂಡನೆ ಬಾಗಿಲು ಹುಡುಕಿ. ಸಿಗದಿದ್ದರೆ ಚೌಕ ಭಾಗ ಕತ್ತರಿಸಿ, ಹಳೆ ಎಟಿಎಂ ಕಾರ್ಡಿನಿಂದ ಮಾಡಿಕೊಳ್ಳಿ. ಹುಬ್ಬಳ್ಳಿಯ ದುರ್ಗದ ಬೈಲು ಮಾರುಕಟ್ಟೆಯೆಲ್ಲಾ ಸುತ್ತಿ ಪ್ಲಾಸ್ಟಿಕ್ ಶೀಟ್ ಹುಡುಕೋದು ಸುಮ್ನೆ ಕಾಲು ನೋವು. ಆದರೆ ಕಾರ್ಡಿಗೆ ಕಿಟ್‌ನ ಅಂಟು ಹಿಡಿಯಲ್ಲ, ಫೆವಿಕ್ವಿಕ್ ಹಾಕಿ, ಅದೂ ಕಡ್ಡಿ ತುದಿಯಲ್ಲಿ ಒಂದೊಂದೇ ಹನಿ.

ಅಂಟಿಸುವ ಮೊದಲು ಮಾರ್ಟರನ್ನು ತಿರುಗುವ ತಟ್ಟೆಯ ಮೇಲೆ ಒಮ್ಮೆ ಇಟ್ಟು ನೋಡಿ. ಎಂ106, ಎಂ1064 ಆದರೆ ಬ್ಯಾರಲ್ ಹಿಂದಿನ ಬಾಗಿಲ ಕಡೆಗೇ ಮುಖ ಮಾಡಿರಬೇಕು. ಎಂ125 ಆದರೆ ಸುತ್ತಲೂ ತಿರುಗುತ್ತದೆ, ಎತ್ತ ಬೇಕಾದರೂ ಇಡಿ.